ಇಸಬಿನ ಚರ್ಮಕ್ಕೆ ಯಾವ ಎಣ್ಣೆ?

ಮಗುವಿನ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ, ಕೆನ್ನೆಯ ಮೇಲೆ ಒರಟಾಗಿ ಎದ್ದು ರಾತ್ರಿಯೆಲ್ಲ ತುರಿಸುವ ಇಸಬಿಗೆ ನಮ್ಮಲ್ಲಿ ಮದ್ದು ಹೇಳದವರಿಲ್ಲ. ಅಜ್ಜಿ ಕೊಬ್ಬರಿ ಎಣ್ಣೆ ಎನ್ನುತ್ತಾರೆ. ಪಕ್ಕದ ಮನೆಯವರು ಬೇವು, ಅರಿಶಿನ ಎನ್ನುತ್ತಾರೆ. ಅಮೆರಿಕದಲ್ಲಿರುವ ಚಿಕ್ಕಮ್ಮ ಓಟ್ಸ್ ಕ್ರೀಮ್ ಕಳಿಸುತ್ತಾರೆ. ಮೊಬೈಲ್ ತೆರೆದರೆ ಆಲಿವ್ ಎಣ್ಣೆಯ ಗುಣಗಾನ. ಎಲ್ಲರ ಮಾತಿನಲ್ಲೂ ಒಂದೇ ಭರವಸೆ: ಇದು ಪ್ರಕೃತಿಯದು, ಅಡ್ಡಪರಿಣಾಮವಿಲ್ಲ. ಕಳೆದ ಎರಡು ದಶಕಗಳಲ್ಲಿ ಈ ಪದಾರ್ಥಗಳಲ್ಲಿ ಹಲವನ್ನು ವೈದ್ಯರು ಪರೀಕ್ಷೆಗೆ ಒಡ್ಡಿದ್ದಾರೆ. ಕೆಲವು ಚೆನ್ನಾಗಿ ಪಾಸಾಗಿವೆ, ಕೆಲವು ಫೇಲಾಗಿವೆ, ಒಂದೆರಡಂತೂ ಮಕ್ಕಳ ಜೀವಕ್ಕೇ ಎರವಾಗಬಲ್ಲವು. ಬಂದದ್ದು ಗಿಡದಿಂದಲೋ ಕಾರ್ಖಾನೆಯಿಂದಲೋ ಎಂಬುದರಿಂದ ಈ ಫಲಿತಾಂಶವನ್ನು ಮೊದಲೇ ಊಹಿಸಲು ಬರುವುದಿಲ್ಲ. ಚರ್ಮದ ಮೇಲೆ ಅದು ಏನು ಮಾಡುತ್ತದೆ ಎಂದು ನೋಡಿಯೇ ತಿಳಿಯಬೇಕು.

ಅದಕ್ಕೆ ಮೊದಲು ಚರ್ಮದ ವಿಚಾರ. ನಮ್ಮ ಚರ್ಮದ ತೀರಾ ಹೊರಗಿನ ಪದರ ಇಟ್ಟಿಗೆ ಗೋಡೆಯ ಹಾಗೆ. ಸತ್ತು ಚಪ್ಪಟೆಯಾದ ಕೋಶಗಳು ಇಟ್ಟಿಗೆಗಳು, ಅವುಗಳ ನಡುವೆ ತುಂಬಿರುವ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು ಗಾರೆ. ಇಸಬಿರುವವರಲ್ಲಿ ಈ ಗಾರೆ ಸಡಿಲ. ಒಳಗಿನ ನೀರು ಆವಿಯಾಗಿ ಹೋಗುತ್ತದೆ, ಹೊರಗಿನ ಧೂಳು, ಸೋಪು, ಬ್ಯಾಕ್ಟೀರಿಯಾ ಒಳನುಗ್ಗುತ್ತವೆ, ದೇಹದ ರಕ್ಷಣಾ ವ್ಯವಸ್ಥೆ ಕೆರಳುತ್ತದೆ, ತುರಿಕೆ ಶುರುವಾಗುತ್ತದೆ. ತುರಿಸಿದಷ್ಟೂ ಗೋಡೆ ಇನ್ನಷ್ಟು ಒಡೆಯುತ್ತದೆ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು 2006ರಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿರುವ ದೋಷಕ್ಕೂ ಇಸಬಿಗೂ ಇರುವ ನಂಟನ್ನು ತೋರಿಸಿದರು. ಈ ಪ್ರೋಟೀನ್ ಒಡೆದು ಹುಟ್ಟುವ ಅಂಶಗಳೇ ಚರ್ಮದೊಳಗೆ ನೀರನ್ನು ಹಿಡಿದಿಡುತ್ತವೆ. ಇಸಬಿರುವ ಎಲ್ಲರಲ್ಲೂ ಈ ದೋಷ ಇರುವುದಿಲ್ಲ. ಆದರೆ ಆ ಶೋಧದ ಬಳಿಕ ಒಣ ಚರ್ಮವನ್ನು ಕಾಯಿಲೆಯ ಲಕ್ಷಣವೆಂದಷ್ಟೇ ಅಲ್ಲ, ಕಾರಣಗಳಲ್ಲಿ ಒಂದೆಂದೂ ನೋಡಲು ವೈದ್ಯಲೋಕ ಕಲಿಯಿತು. ಮಾಯಿಶ್ಚರೈಸರ್‌ಗೆ ಚಿಕಿತ್ಸೆಯ ಸ್ಥಾನ ಗಟ್ಟಿಯಾಗಿ ದೊರೆತದ್ದು ಹೀಗೆ.

ಹಚ್ಚುವ ಪದಾರ್ಥಗಳು ಮೂರು ಬಗೆಯ ಕೆಲಸ ಮಾಡುತ್ತವೆ. ಗ್ಲಿಸರಿನ್, ಯೂರಿಯಾ, ಜೇನು, ಲೋಳೆಸರದಂಥವು ನೀರನ್ನು ಸೆಳೆದು ಹಿಡಿಯುತ್ತವೆ. ಎಣ್ಣೆಗಳು ಸಂದುಗಳನ್ನು ತುಂಬಿ ನುಣುಪು ಮಾಡುತ್ತವೆ. ಪೆಟ್ರೋಲಿಯಂ ಜೆಲ್ಲಿ, ಜೇನುಮೇಣ ಮೇಲೆ ಹೊದಿಕೆ ಹಾಸಿ ಆವಿಯನ್ನು ತಡೆಯುತ್ತವೆ. ಒಳ್ಳೆಯ ಕ್ರೀಮಿನಲ್ಲಿ ಮೂರೂ ಇರುತ್ತವೆ. ಬರಿಯ ಎಣ್ಣೆಯಲ್ಲಿ ನೀರಿನ ಹನಿಯೂ ಇಲ್ಲ, ನೀರನ್ನು ಸೆಳೆಯುವ ಅಂಶವೂ ಇಲ್ಲ. ಹೀಗಾಗಿ ಪೂರ್ತಿ ಒಣಗಿದ ಚರ್ಮದ ಮೇಲೆ ಎಣ್ಣೆ ಹಚ್ಚಿದರೆ ಹೊಳಪು ಬಂದೀತು, ತೇವ ಬಾರದು. ಒದ್ದೆ ಆರುವ ಮುನ್ನ ಹಚ್ಚಬೇಕು ಎನ್ನುವುದು ಇದಕ್ಕೇ.

ಮಾಯಿಶ್ಚರೈಸರ್‌ಗಳ ಬಗ್ಗೆ ಇರುವ ಸಾಕ್ಷ್ಯವನ್ನೆಲ್ಲ ಒಟ್ಟುಗೂಡಿಸಿದ ದೊಡ್ಡ ಕೆಲಸ ಕಾಕ್ರೇನ್ ಸಂಸ್ಥೆಯ 2017ರ ಪರಾಮರ್ಶೆ. 77 ಅಧ್ಯಯನಗಳು, 6,603 ಮಂದಿ. ಬಹುತೇಕ ಮಾಯಿಶ್ಚರೈಸರ್‌ಗಳಿಂದ ಒಂದಿಷ್ಟು ಉಪಯೋಗವಿದೆ, ಅವುಗಳೊಡನೆ ಚಿಕಿತ್ಸೆಯ ಮುಲಾಮು ಹಚ್ಚಿದರೆ ಫಲ ಹೆಚ್ಚು, ಆದರೆ ಒಂದು ಇನ್ನೊಂದಕ್ಕಿಂತ ಮೇಲೆಂದು ಹೇಳಲು ಭದ್ರ ಆಧಾರವಿಲ್ಲ ಎಂದು ಅದು ಹೇಳಿತು. 2022ರಲ್ಲಿ ಬ್ರಿಟನ್ನಿನಲ್ಲಿ 550 ಮಕ್ಕಳಿಗೆ ಲೋಷನ್, ಕ್ರೀಮ್, ಜೆಲ್, ಮುಲಾಮು ಹೀಗೆ ನಾಲ್ಕು ರೂಪಗಳನ್ನು ಹಂಚಿ ನೋಡಿದ ಪ್ರಯೋಗದಲ್ಲೂ ನಾಲ್ಕೂ ಸರಿಸಮವಾದವು. ದುಬಾರಿ ಡಬ್ಬಿಗಾಗಿ ಸಾಲ ಮಾಡುವ ತಂದೆತಾಯಿಗೆ ಇದಕ್ಕಿಂತ ನೆಮ್ಮದಿಯ ಸುದ್ದಿ ಬೇಡ. ಮಗುವಿಗೆ ಒಗ್ಗುವ, ಮನೆಗೆ ಎಟಕುವ, ದಿನವೂ ಬೇಸರವಿಲ್ಲದೆ ಹಚ್ಚಬಹುದಾದದ್ದನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ.

ಆದರೆ ಎಣ್ಣೆಗಳ ವಿಷಯಕ್ಕೆ ಬಂದರೆ ಎಲ್ಲವೂ ಒಂದೇ ಎನ್ನಲು ಬರುವುದಿಲ್ಲ. ಇಲ್ಲಿ ಕೊಂಚ ನಿಲ್ಲಬೇಕು.

ಕೊಬ್ಬರಿ ಎಣ್ಣೆಯ ಪರವಾಗಿರುವ ಒಳ್ಳೆಯ ಸಾಕ್ಷ್ಯ ಫಿಲಿಪ್ಪೀನ್ಸ್‌ನಿಂದ ಬಂದಿದೆ. ಅದೂ ತೆಂಗಿನ ನಾಡೇ. 2014ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ 117 ಮಕ್ಕಳಲ್ಲಿ ಕೆಲವರಿಗೆ ವರ್ಜಿನ್ ತೆಂಗಿನೆಣ್ಣೆ, ಉಳಿದವರಿಗೆ ಖನಿಜ ತೈಲ ಹಚ್ಚಿದರು. ಎಂಟು ವಾರಗಳ ಬಳಿಕ ಇಸಬಿನ ತೀವ್ರತೆಯ ಅಂಕ ತೆಂಗಿನೆಣ್ಣೆಯ ಗುಂಪಿನಲ್ಲಿ ಸುಮಾರು ಶೇ. 68ರಷ್ಟು, ಖನಿಜ ತೈಲದ ಗುಂಪಿನಲ್ಲಿ ಸುಮಾರು ಶೇ. 38ರಷ್ಟು ಇಳಿದಿತ್ತು. ಅದಕ್ಕೂ ಮೊದಲು, 2008ರಲ್ಲಿ, 52 ವಯಸ್ಕರಲ್ಲಿ ತೆಂಗಿನೆಣ್ಣೆಯನ್ನು ಆಲಿವ್ ಎಣ್ಣೆಯೊಂದಿಗೆ ಹೋಲಿಸಿದ್ದರು. ಇಸಬಿನ ಚರ್ಮದ ಮೇಲೆ ಬೀಡುಬಿಟ್ಟು ರೋಗವನ್ನು ಕೆರಳಿಸುವ ಸ್ಟೆಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ತೆಂಗಿನೆಣ್ಣೆಯ ಗುಂಪಿನಲ್ಲಿ ಇಪ್ಪತ್ತು ಮಂದಿಯಲ್ಲಿದ್ದದ್ದು ಕೊನೆಗೆ ಒಬ್ಬರಲ್ಲಿ ಮಾತ್ರ ಉಳಿಯಿತು. ಆಲಿವ್ ಗುಂಪಿನಲ್ಲಿ ಹನ್ನೆರಡು ಮಂದಿಯಲ್ಲಿ ಆರು ಮಂದಿಗೆ ಹಾಗೇ ಇತ್ತು. ತೆಂಗಿನೆಣ್ಣೆಯ ಅರ್ಧದಷ್ಟು ಭಾಗ ಲಾರಿಕ್ ಆಮ್ಲ, ಅದಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವಿದೆ. ಇವು ದೊಡ್ಡ ಪ್ರಯೋಗಗಳಲ್ಲ, ಆದರೂ ಅಜ್ಜಿಯ ಮಾತಿಗೆ ಸಿಕ್ಕ ಮರ್ಯಾದೆಯ ಪುರಾವೆಗಳು.

ಒಂದು ಎಚ್ಚರ ಬೇಕು. ಪ್ರಯೋಗದಲ್ಲಿ ಬಳಸಿದ್ದು ಹಸಿ ತೆಂಗಿನಕಾಯಿಯಿಂದ ತೆಗೆದ ವರ್ಜಿನ್ ಎಣ್ಣೆ. ಕರಾವಳಿಯ ಮನೆಗಳಲ್ಲಿ ಕಾಯಿಹಾಲು ಕಾಯಿಸಿ ಮಗುವಿಗೆಂದು ತೆಗೆಯುವ ಎಣ್ಣೆ ಇದಕ್ಕೆ ಹತ್ತಿರದ್ದು. ತಿಪಟೂರಿನ ಒಣಕೊಬ್ಬರಿಯಿಂದ ಗಾಣದಲ್ಲಿ ತೆಗೆದದ್ದು ಬೇರೆ ವಿಧಾನದ್ದು, ಆದರೂ ಕಲಬೆರಕೆಯಿಲ್ಲದಿದ್ದರೆ ಲಾರಿಕ್ ಆಮ್ಲ ಅದರಲ್ಲೂ ಅಷ್ಟೇ ಇರುತ್ತದೆ. ಪರಿಮಳ ಬೆರೆಸಿದ ತಲೆಗೂದಲಿನ ಎಣ್ಣೆಗಳನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬಾರದು. ಬಾಟಲಿಯ ಮೇಲೆ ತೆಂಗಿನ ಚಿತ್ರವಿದ್ದ ಮಾತ್ರಕ್ಕೆ ಒಳಗಿರುವುದು ಅದೇ ಎಂದಲ್ಲ.

ಆಲಿವ್ ಎಣ್ಣೆಯ ಕತೆ ಇದಕ್ಕೆ ವಿರುದ್ಧ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸೈಮನ್ ಡ್ಯಾನ್‌ಬಿ ಮತ್ತು ಸಂಗಡಿಗರು ವಯಸ್ಕ ಸ್ವಯಂಸೇವಕರ ತೋಳಿಗೆ ಕೆಲವು ವಾರ ಆಲಿವ್ ಎಣ್ಣೆ ಹಚ್ಚಿ 2013ರಲ್ಲಿ ವರದಿ ಮಾಡಿದರು. ಚರ್ಮದ ಹೊರಪದರದ ಬಿಗಿ ಸಡಿಲವಾಗಿತ್ತು, ಇಸಬಿನ ಇತಿಹಾಸವಿಲ್ಲದವರಲ್ಲೂ ತುಸು ಕೆಂಪು ಕಾಣಿಸಿತ್ತು. ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಪದರ ಕೆಡಲಿಲ್ಲ, ತೇವವೂ ಹೆಚ್ಚಿತು. ವ್ಯತ್ಯಾಸ ಇರುವುದು ಕೊಬ್ಬಿನಾಮ್ಲಗಳಲ್ಲಿ. ಆಲಿವ್ ಎಣ್ಣೆಯಲ್ಲಿ ಒಲೀಯಿಕ್ ಆಮ್ಲದ ಪಾಲು ದೊಡ್ಡದು. ಅದು ಗಾರೆಯ ಅಚ್ಚುಕಟ್ಟನ್ನು ಕದಡುತ್ತದೆ. ಸೂರ್ಯಕಾಂತಿಯಲ್ಲಿ ಲಿನೋಲಿಯಿಕ್ ಆಮ್ಲ ಹೆಚ್ಚು, ಚರ್ಮ ತನ್ನ ಸೆರಮೈಡ್ ಕಟ್ಟಿಕೊಳ್ಳಲು ಬಳಸುವುದೂ ಅದನ್ನೇ. ಹಾಗೆಂದು ಸೂರ್ಯಕಾಂತಿಗೆ ಪೂರ್ತಿ ಅಂಕ ಕೊಡುವಂತಿಲ್ಲ. ಮ್ಯಾಂಚೆಸ್ಟರ್‌ನಲ್ಲಿ 115 ನವಜಾತ ಶಿಶುಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಎರಡೂ ಎಣ್ಣೆಗಳು ತೇವ ಹೆಚ್ಚಿಸಿದರೂ ಚರ್ಮದ ಕೊಬ್ಬಿನ ಪದರಗಳ ಜೋಡಣೆ ಬೆಳೆಯಬೇಕಾದಷ್ಟು ಬೆಳೆಯಲಿಲ್ಲ. ಬಾಂಗ್ಲಾದೇಶದ ಢಾಕಾದಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಆಸ್ಪತ್ರೆಯ ಸೋಂಕು ಶೇ. 41ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆ ಪ್ರಕಟಿಸಿತು. ಅದು ಇಸಬಿನ ಪ್ರಯೋಗವಲ್ಲ, ಆದರೆ ಎಳೆಯ ಚರ್ಮಕ್ಕೆ ಸರಿಯಾದ ಎಣ್ಣೆ ಎಷ್ಟು ದೊಡ್ಡ ರಕ್ಷೆ ಎಂಬುದಕ್ಕೆ ಸಾಕ್ಷಿ. ಢಾಕಾದ ಪ್ರಯೋಗ ನಡೆಸಿದ ತಂಡದವರೇ ಅದಕ್ಕೆ ಮುನ್ನ ಇಲಿಗಳ ಮೇಲೆ ನೋಡಿದಾಗ ಸಾಸಿವೆ ಎಣ್ಣೆ ಚರ್ಮದ ಗುಣವಾಗುವಿಕೆಯನ್ನು ನಿಧಾನಿಸಿತ್ತು. ಉತ್ತರ ಭಾರತದಲ್ಲಿ ನೆಲೆಸಿ ಅಲ್ಲಿನ ರೂಢಿಯಂತೆ ಕೂಸಿಗೆ ಸಾಸಿವೆ ಎಣ್ಣೆ ತಿಕ್ಕುವ ಕನ್ನಡದ ಮನೆಗಳು ಇದನ್ನು ಗಮನಿಸಬೇಕು.

ಓಟ್ಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2003ರಲ್ಲೇ ಚರ್ಮರಕ್ಷಕವೆಂಬ ಮನ್ನಣೆ ಕೊಟ್ಟಿದೆ. ನುಣ್ಣಗೆ ಅರೆದ ಓಟ್ಸ್‌ನಲ್ಲಿರುವ ಅವೆನಾಂತ್ರಮೈಡ್‌ಗಳು ತುರಿಕೆ ಇಳಿಸುತ್ತವೆ. ಲೋಳೆಸರ ತಂಪು ಕೊಡುತ್ತದೆ, ಆದರೆ ಎಲೆ ಕತ್ತರಿಸಿದೊಡನೆ ಸಿಪ್ಪೆಯ ಕೆಳಗಿಂದ ಒಸರುವ ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ, ಅದನ್ನು ತೊಳೆದು ತೆಗೆಯದೆ ಹಚ್ಚಬಾರದು. ಮಾಡಿಟ್ಟ ಲೋಳೆ ಒಂದೆರಡು ದಿನಕ್ಕೆ ಬ್ಯಾಕ್ಟೀರಿಯಾದ ಮನೆಯಾಗುತ್ತದೆ. ಅರಿಶಿನ, ಕುಂಕುಮಗಳಿಂದ ಅಲರ್ಜಿಯ ಇಸಬು ಬಂದ ಉದಾಹರಣೆಗಳು ಭಾರತದ ಚರ್ಮವೈದ್ಯರಿಗೆ ಹೊಸತಲ್ಲ. ಗಂಧದೆಣ್ಣೆ, ಲ್ಯಾವೆಂಡರ್, ಟೀ ಟ್ರೀ ಮುಂತಾದ ಸುಗಂಧ ತೈಲಗಳೂ ಅಲರ್ಜಿ ತರಬಲ್ಲವು. ಬಾಟಲಿ ತೆರೆದಿಟ್ಟು ಗಾಳಿ ತಾಗಿದಷ್ಟೂ ಆ ಗುಣ ಹೆಚ್ಚುತ್ತದೆ. ಒಡೆದ ಚರ್ಮಕ್ಕೆ ಪರಿಮಳ ಬೇಡ, ಅದು ಹೂವಿನದಾದರೂ ಬೇಡ. ಬೇವಿನೆಣ್ಣೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಶಿಶುಗಳಿಗೆ ಕುಡಿಸಿದಾಗ ಯಕೃತ್ತು, ಮಿದುಳು ಕೆಟ್ಟು ಸಾವು ಸಂಭವಿಸಿದ್ದು 1980ರ ದಶಕದ ಆರಂಭದಿಂದಲೇ ವೈದ್ಯಸಾಹಿತ್ಯದಲ್ಲಿ ದಾಖಲಾಗಿದೆ. ಬೆರಳು ಚೀಪುವ ಮಗುವಿನ ಕೈಗೆ ಅದನ್ನು ಹಚ್ಚುವ ಮುನ್ನ ಇದು ನೆನಪಿರಲಿ.

ಇಲ್ಲಿಯವರೆಗಿನದಕ್ಕಿಂತ ಗಂಭೀರವಾದದ್ದು ಆಹಾರದ ಪ್ರೋಟೀನಿನ ಪ್ರಶ್ನೆ. ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2003ರಲ್ಲಿ ಬ್ರಿಟನ್ನಿನ ಮಕ್ಕಳನ್ನು ಅಧ್ಯಯನ ಮಾಡಿ, ಶೇಂಗಾ ಎಣ್ಣೆ ಬೆರೆತ ಕ್ರೀಮನ್ನು ಕೆರಳಿದ ಚರ್ಮಕ್ಕೆ ಹಚ್ಚಿದ್ದಕ್ಕೂ ಆ ಮಕ್ಕಳಿಗೆ ಮುಂದೆ ಶೇಂಗಾ ಅಲರ್ಜಿ ಬಂದದ್ದಕ್ಕೂ ನಂಟಿದೆ ಎಂದು ತೋರಿಸಿದರು. ಜಪಾನಿನಲ್ಲಿ ಗೋಧಿ ಪ್ರೋಟೀನ್ ಸೇರಿಸಿದ ಮುಖದ ಸೋಪೊಂದನ್ನು ಬಳಸಿದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿ ತಿಂದರೆ ಆಗದ ಸ್ಥಿತಿ ಬಂತು. ಬಾಯಿಯ ಮೂಲಕ ಹೋದ ಆಹಾರವನ್ನು ದೇಹ ಒಪ್ಪಿಕೊಳ್ಳಲು ಕಲಿಯುತ್ತದೆ, ಒಡೆದ ಚರ್ಮದ ಮೂಲಕ ಹೋದದ್ದನ್ನು ಶತ್ರುವೆಂದು ಗುರುತಿಸುವುದುಂಟು. ನಮ್ಮ ಮನೆಗಳಲ್ಲಿ ಇಸಬಿರುವ ಕೂಸಿಗೆ ಕಡಲೆಹಿಟ್ಟು, ಹೆಸರುಹಿಟ್ಟು, ಹಾಲಿನ ಕೆನೆ, ಬಾದಾಮಿ ತೇಯ್ದು ಹಚ್ಚುವುದನ್ನು ಈ ಬೆಳಕಿನಲ್ಲಿ ಮತ್ತೆ ಯೋಚಿಸಬೇಕು. ಅಡುಗೆಮನೆಯದು ಎಂಬುದೇ ಇಲ್ಲಿ ತೊಂದರೆಯ ಮೂಲ.

ನಮ್ಮ ಎರೆಯುವ ಪದ್ಧತಿಯ ಬಗ್ಗೆಯೂ ಪ್ರೀತಿಯಿಂದಲೇ ಒಂದು ಮಾತು. ಬಾಣಂತನದ ಮನೆಯಲ್ಲಿ ಕೂಸಿಗೆ ಎಣ್ಣೆ ನೀವಿ, ಹಂಡೆಯ ಬಿಸಿನೀರು ಹೊಯ್ದು, ಎಣ್ಣೆಜಿಡ್ಡು ಹೋಗುವಂತೆ ಸೀಗೆಪುಡಿ ಇಲ್ಲವೇ ಹಿಟ್ಟು ಹಚ್ಚಿ ತಿಕ್ಕಿ, ಸಾಂಬ್ರಾಣಿ ಹೊಗೆ ಹಾಕುತ್ತಾರೆ. ಆರೋಗ್ಯದ ಚರ್ಮ ಇದನ್ನು ತಾಳಿಕೊಂಡೀತು. ಇಸಬಿನ ಚರ್ಮಕ್ಕೆ ಬಿಸಿನೀರು, ತಿಕ್ಕಾಟ, ಹೊಗೆ ಮೂರೂ ಶತ್ರುಗಳು. ಅದಕ್ಕಿಂತ ಮುಖ್ಯವಾಗಿ ಇಲ್ಲಿ ಕ್ರಮವೇ ತಿರುಗುಮುರುಗು: ಎಣ್ಣೆ ಸ್ನಾನಕ್ಕೆ ಮೊದಲು ಹತ್ತಿ, ಸ್ನಾನದಲ್ಲಿ ತೊಳೆದುಹೋಗುತ್ತದೆ. ಇಸಬಿರುವ ಮಗುವಿಗೆ ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷದ ಸ್ನಾನ, ಒರೆಸದೆ ಮೆತ್ತಗೆ ಒತ್ತಿ ತೆಗೆದ ನೀರು, ಆ ಮೇಲೆ ಎಣ್ಣೆ ಅಥವಾ ಕ್ರೀಮ್, ಅದು ಮೈಮೇಲೇ ಉಳಿಯಬೇಕು. ಚರ್ಮದ ಆಮ್ಲೀಯತೆ 5ರ ಆಸುಪಾಸಿನ ಪಿಎಚ್‌ನಲ್ಲಿದ್ದರೆ ಸಾಮಾನ್ಯ ಸೋಪು 9, 10ರಲ್ಲಿರುತ್ತದೆ. ಹೀಗಾಗಿ ಸೋಪು ಕಂಕುಳು, ತೊಡೆಸಂದಿಗಷ್ಟೇ ಸಾಕು. ಸ್ನಾನದ ನೀರಿಗೇ ಎಣ್ಣೆ ಸುರಿಯುವುದರಿಂದ ಲಾಭವಿಲ್ಲವೆಂದು 2018ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿಕೊಟ್ಟಿದೆ.

ಆಯುರ್ವೇದದಲ್ಲಿ ಶತಧೌತ ಘೃತವೆಂಬ ತಯಾರಿಕೆ ಇದೆ. ತಾಮ್ರದ ಪಾತ್ರೆಯಲ್ಲಿ ತುಪ್ಪಕ್ಕೆ ನೀರು ಹಾಕಿ ಉಜ್ಜಿ, ನೀರು ಬಸಿದು, ಮತ್ತೆ ಹೊಸ ನೀರು ಹಾಕಿ, ಹೀಗೆ ನೂರು ಸಲ. ಹಳದಿ ಮರಳು ತುಪ್ಪ ಕೊನೆಗೆ ಬೆಳ್ಳಗೆ, ನುಣ್ಣಗೆ, ವಾಸನೆಯಿಲ್ಲದ ಮುಲಾಮಾಗುತ್ತದೆ. ಎಣ್ಣೆಯೊಳಗೆ ನೀರನ್ನು ಹಿಡಿದಿಡುವ ಕ್ರೀಮನ್ನು ಯಂತ್ರವಿಲ್ಲದೆ ಮಾಡಿದ ಈ ಜಾಣ್ಮೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹಾಲಿನ ಅಲರ್ಜಿಯಿರುವ ಮಗುವಿನ ಒಡೆದ ಚರ್ಮಕ್ಕೆ ಮಾತ್ರ ಅದೂ ಬೇಡ.

ಮನೆಮದ್ದುಗಳ ಬಗ್ಗೆ ಇಷ್ಟು ಎಚ್ಚರಿಕೆ ಹೇಳಿದ ಮಾತ್ರಕ್ಕೆ ಕಾರ್ಖಾನೆಯ ಡಬ್ಬಿಗಳೆಲ್ಲ ಸಾಚಾ ಎಂದು ಅರ್ಥವಲ್ಲ. ಬ್ರಿಟನ್ನಿನಲ್ಲಿ ದಶಕಗಳ ಕಾಲ ವೈದ್ಯರೇ ಬರೆದುಕೊಟ್ಟ ಆಕ್ವಿಯಸ್ ಕ್ರೀಮ್ ಚರ್ಮದ ಪದರವನ್ನು ತೆಳುವಾಗಿಸುತ್ತದೆ ಎಂದು 2010ರಲ್ಲಿ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಅದರಲ್ಲಿದ್ದ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ನೊರೆ ಪದಾರ್ಥ ಇದಕ್ಕೆ ಕಾರಣ. ಮೀಥೈಲ್‌ಐಸೋಥಯಾಜೊಲಿನೋನ್ ಎಂಬ ಸಂರಕ್ಷಕ ಯುರೋಪಿನಲ್ಲಿ ಅಲರ್ಜಿಯ ಅಲೆಯನ್ನೇ ಎಬ್ಬಿಸಿತು. ಇನ್ನು ಎಲ್ಲರೂ ಮೂಗು ಮುರಿಯುವ ಪೆಟ್ರೋಲಿಯಂ ಜೆಲ್ಲಿ, ಪರಿಮಳವಿಲ್ಲದ್ದಾದರೆ, ಅಲರ್ಜಿಯನ್ನು ಬಹಳ ಅಪರೂಪಕ್ಕೆ ತರುತ್ತದೆ, ಆವಿ ತಡೆಯುವುದರಲ್ಲಿ ಎಲ್ಲ ಎಣ್ಣೆಗಳಿಗಿಂತ ಮುಂದಿದೆ, ಅಗ್ಗವೂ ಹೌದು. ಬೀದರ್, ಕಲಬುರಗಿ, ವಿಜಯಪುರದ ಚಳಿಗಾಲದ ಒಣಗಾಳಿಗೆ, ಹೀಟರ್ ಉರಿಯುವ ಚಳಿದೇಶಗಳ ಕನ್ನಡದ ಮನೆಗಳಿಗೆ ಅದು ಸರಿ. ಮಂಗಳೂರು, ಕಾರವಾರದ ಸೆಕೆಯಲ್ಲಿ ಅಷ್ಟು ದಪ್ಪ ಬಳಿದರೆ ಬೆವರುಸಾಲೆ ಏಳುತ್ತದೆ, ಅಲ್ಲಿಗೆ ತೆಳು ಕ್ರೀಮೇ ಲೇಸು.

ಎಷ್ಟು ಹಚ್ಚಬೇಕು ಎಂಬುದನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಬ್ರಿಟನ್ನಿನ ಮಾರ್ಗಸೂಚಿ ಇಸಬಿರುವ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ಎನ್ನುತ್ತದೆ. ನಮ್ಮ ಅಂಗಡಿಯ 50 ಗ್ರಾಂ ಹರ್ಬಲ್ ಟ್ಯೂಬು ಆ ಲೆಕ್ಕಕ್ಕೆ ಒಂದೂವರೆ ದಿನಕ್ಕೂ ಬಾರದು. ಮುನ್ನೂರು ರೂಪಾಯಿಯ ಟ್ಯೂಬನ್ನು ತಿಂಗಳಿಡೀ ಉಳಿಸುತ್ತ ಬೊಟ್ಟಿನಷ್ಟು ಸವರುವುದಕ್ಕಿಂತ ಅಗ್ಗದ್ದನ್ನು ಧಾರಾಳವಾಗಿ ದಿನಕ್ಕೆರಡು ಸಲ ಹಚ್ಚುವುದೇ ಚಿಕಿತ್ಸೆ. ಹೊಸದಾವುದನ್ನೇ ಆಗಲಿ ಮೊದಲು ಮುಂಗೈಯ ಒಳಬದಿಯಲ್ಲಿ ಒಂದು ವಾರ ಹಚ್ಚಿ ನೋಡಿ. ಎಣ್ಣೆ, ಮುಲಾಮು ಇಂಗಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಗಿಡಮೂಲದ ಎಣ್ಣೆಗೂ ಈ ಮಾತು ಸಲ್ಲುತ್ತದೆ. ಅಂಥ ಬಟ್ಟೆಯಲ್ಲಿ ಒಲೆ, ದೀಪದ ಹತ್ತಿರ ಹೋಗಬಾರದು.

ಹುಟ್ಟಿದಂದಿನಿಂದ ಹಚ್ಚುತ್ತ ಬಂದರೆ ಇಸಬು ಬಾರದಂತೆ ತಡೆಯಬಹುದೆ? 2020ರಲ್ಲಿ ಬ್ರಿಟನ್ನಿನ 1,394 ಶಿಶುಗಳ ಪ್ರಯೋಗ, ಅದೇ ವರ್ಷದ ನಾರ್ವೆ–ಸ್ವೀಡನ್ ಪ್ರಯೋಗ ಎರಡೂ ಇಲ್ಲವೆಂದವು. 2025ರಲ್ಲಿ ಅಮೆರಿಕದ ಪ್ರಯೋಗವೊಂದು ತುಸು ಲಾಭವಿದೆ ಎಂದಿದೆ. ಈ ಚರ್ಚೆ ಮುಗಿದಿಲ್ಲ.

ಕೊನೆಗೆ ಮೋಸದ ಮಾತು. ಬರ್ಮಿಂಗ್‌ಹ್ಯಾಮ್‌ನ ಚರ್ಮವೈದ್ಯರು 2003ರಲ್ಲಿ, ಮಕ್ಕಳ ಇಸಬಿಗೆಂದು ತಂದೆತಾಯಿ ಬಳಸುತ್ತಿದ್ದ 24 ಹರ್ಬಲ್ ಕ್ರೀಮ್‌ಗಳನ್ನು ಪರೀಕ್ಷೆಗೆ ಕಳಿಸಿದರು. 20ರಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್‌ಗೆ ಹೆದರಿ ಗಿಡಮೂಲಿಕೆಯ ಮೊರೆಹೋದವರು ಗೊತ್ತಿಲ್ಲದೆ ಮಕ್ಕಳ ಮುಖಕ್ಕೆ ಅದನ್ನೇ, ಅಳತೆಯಿಲ್ಲದೆ, ಬಳಿಯುತ್ತಿದ್ದರು. ಎರಡೇ ದಿನದಲ್ಲಿ ಪವಾಡದಂತೆ ಇಸಬು ಮಾಯ ಮಾಡುವ, ಪದಾರ್ಥಗಳ ಪಟ್ಟಿಯಿಲ್ಲದ ಡಬ್ಬಿಯನ್ನು ನಂಬಬೇಡಿ. ವೈದ್ಯರು ಅಳತೆ, ಅವಧಿ ಹೇಳಿ ಕೊಡುವ ಸೌಮ್ಯ ಸ್ಟೀರಾಯ್ಡ್ ಅದಕ್ಕಿಂತ ಎಷ್ಟೋ ಸುರಕ್ಷಿತ. ಕೆರಳಿ ಕೆಂಪಾದ ಇಸಬನ್ನು ಯಾವ ಎಣ್ಣೆಯೂ ಒಂಟಿಯಾಗಿ ತಣಿಸದು. ಪ್ರಕೃತಿಯದೇ ಬೇಕೆನ್ನುವುದಾದರೆ, ಸ್ಟೀರಾಯ್ಡ್‌ಗೆ ಬದಲಿಯಾಗಿ ವೈದ್ಯರು ಬರೆಯುವ ಟ್ಯಾಕ್ರೊಲಿಮಸ್ ಕೂಡ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದೇ. ಇನ್ನು ದುಂಡಗೆ ಹಬ್ಬುವ ಹುಳುಕಡ್ಡಿ, ಮನೆಮಂದಿಗೆಲ್ಲ ರಾತ್ರಿ ತುರಿಸುವ ಕಜ್ಜಿ ಇಸಬಲ್ಲ, ಅವಕ್ಕೆ ಮದ್ದೇ ಬೇರೆ. ಇಸಬಿನ ಮೇಲೆ ದಿಢೀರನೆ ಒಂದೇ ಅಳತೆಯ ಗುಳ್ಳೆಗಳೆದ್ದು ಜ್ವರ ಬಂದರೆ ಹರ್ಪಿಸ್ ಸೋಂಕಿರಬಹುದು, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಮತ್ತೆ ನಮ್ಮ ಎಣ್ಣೆಗಳ ಮಾತಿಗೆ ಬಂದರೆ, ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ, ಅಂದರೆ ಸೂರ್ಯಕಾಂತಿಗಿಂತಲೂ ಹೆಚ್ಚು. ಹುಚ್ಚೆಳ್ಳೆಣ್ಣೆಯಲ್ಲೂ ಅದರದೇ ದೊಡ್ಡ ಪಾಲು. ಉತ್ತರ ಕನ್ನಡದಲ್ಲಿ ಒಡೆದ ಹಿಮ್ಮಡಿಗೆ ಮುರುಗಲ ತುಪ್ಪ ಹಚ್ಚುವ ರೂಢಿ ಹಳೆಯದು. ತೆಂಗಿನೆಣ್ಣೆಗೆ ಫಿಲಿಪ್ಪೀನ್ಸ್‌ನಲ್ಲಿ, ಸೂರ್ಯಕಾಂತಿಗೆ ಢಾಕಾ, ಶೆಫೀಲ್ಡ್‌ಗಳಲ್ಲಿ ಸಿಕ್ಕಂಥ ಪರೀಕ್ಷೆ ಇವಕ್ಕೂ ಸಿಗಬೇಕು. ನಮ್ಮ ವೈದ್ಯಕೀಯ ಮತ್ತು ಆಯುರ್ವೇದ ಕಾಲೇಜುಗಳು ಕೈಜೋಡಿಸಿ, ನೂರಿನ್ನೂರು ಮಕ್ಕಳೊಂದಿಗೆ ಎಂಟು ವಾರ ಈ ಎಣ್ಣೆಗಳನ್ನು ಪರೀಕ್ಷಿಸುವುದು ಕೋಟಿಗಟ್ಟಲೆ ಖರ್ಚಿನ ಕೆಲಸವಲ್ಲ. ದಯವಿಟ್ಟು ಯಾರಾದರೂ ಅದನ್ನು ಕೈಗೆತ್ತಿಕೊಳ್ಳಲಿ.